2190ರ ಕಾರವಾರ, 1911ರ ಪಿಸ್ತೂಲು

ಮಳೆಗೆ ಕರೆಂಟ್ ಹೋಗಿ ಕೂತಲ್ಲೇ ಒಂದು ಕಥೆ ಶುರು ಮಾಡಿದೀನಿ, 2190ರ ಕಾರವಾರ, ಕಾಳಿ ಸೇತುವೆ ಹತ್ರ ಹೀರೋ ಕೈಲಿ ಲೇಸರ್ ಗೀಸರ್ ಏನಿಲ್ಲ, ಕೋಲ್ಟ್ 1911 ಪಿಸ್ತೂಲು, ಅಮೆರಿಕ ಸೈನ್ಯ 1911ರಲ್ಲಿ ತಗೊಂಡ ಡಿಸೈನು ಇವತ್ತಿಗೂ ತಯಾರಾಗ್ತಾನೇ ಇದೆ, ಇನ್ನೊಂದು 150 ಚಿಲ್ಲರೆ ವರ್ಷ ಯಾಕೆ ಬಾಳ್ಬಾರ್ದು?

ಶಿರಸಿ ದೊಡ್ಡಪ್ಪಂಗೆ ಓದಿ ಹೇಳ್ದೆ. ತೋಟದ ಮಂಗ ಓಡ್ಸೋ ಲೈಸೆನ್ಸ್ ಕೋವಿಗೆ ಎಣ್ಣೆಬಟ್ಟೆ ಒರೆಸ್ತಾ "ತಮಾ, ಕೋವಿ ಹಾಳಾಗ್ತಿಲ್ಲೆ, ತೋಟೆ ಹಾಳಾಗ್ತು" ಅಂದ್ರು. ಹೌದಲ್ವಾ! ತೋಟೆ (ಕಾರ್ಟ್ರಿಡ್ಜ್) ಹಿಂದೆ ಕಿಡಿ ಹೊತ್ತಿಸೋ ಕೇಪಿಗೆ ತಂಪು ಹಿಡಿದ್ರೆ ಬರೀ ಕಟ್ ಅಂತ ಸದ್ದು.

ಪಿಸ್ತೂಲು ಕಿತ್ಕೊಂಡು ವೆಬ್ಲಿ ಅನ್ನೋ ಹಳೇ ಬ್ರಿಟಿಷ್ ರಿವಾಲ್ವರ್ ಕೊಟ್ಟೆ, ಒಂದು ತೋಟೆ ಠುಸ್ ಆದ್ರೂ ಟ್ರಿಗರ್ ಇನ್ನೊಮ್ಮೆ ಒತ್ತಿದ್ರೆ ಮುಂದಿನದು ತಿರುಗಿ ಬರತ್ತೆ. ಆದ್ರೆ ತೋಟೆಗೆ ತುಂಬೋ ಮದ್ದು ಯಾರು ಮಾಡ್ತಾರೆ? ಆ ಅಧ್ಯಾಯ ಇನ್ನೂ ಬಾಕಿ.