ತಲಕಾಡಿಗೆ ಹೋದವರು ಮಾಧವಮಂತ್ರಿ ಅಣೆಕಟ್ಟೆಯನ್ನೂ ನೋಡಿ ಬನ್ನಿ

ತಲಕಾಡಿಗೆ ಹೋಗುವವರು ಮರಳಿನ ನಡುವಿನ ದೇವಾಲಯಗಳನ್ನಷ್ಟೇ ನೋಡಿ ಹಿಂದಿರುಗಬಾರದು. ಊರಿನ ಮೇಲ್ಭಾಗದಲ್ಲಿ ಕಾವೇರಿಗೆ ಅಡ್ಡಲಾಗಿರುವ ಮಾಧವಮಂತ್ರಿ ಅಣೆಕಟ್ಟೆಯನ್ನೂ ನೋಡಬೇಕು. ನಾವು ಗೊತ್ತುಮಾಡಿಕೊಂಡ ಮಾರ್ಗದರ್ಶಿ ಒಪ್ಪಿದ್ದಕ್ಕಿಂತ ಹೆಚ್ಚು ಹಣ ಪಡೆದರೂ ಆ ಕಟ್ಟೆಯ ಹೆಸರನ್ನೇ ಎತ್ತಲಿಲ್ಲ. ಅವನು ಹೇಳಿದ್ದೆಲ್ಲ ತಲಕಾಡು ಮರಳಾಗಲಿ ಎಂಬ ಅಲಮೇಲಮ್ಮನ ಶಾಪದ ಕಥೆ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡ ಸಂದರ್ಭಕ್ಕೆ ಸೇರಿದ ಆ ಕಥೆ ಕೇಳತಕ್ಕದ್ದೇ, ಆದರೆ ಮರಳಿನ ವಿಚಾರ ಅಲ್ಲಿಗೆ ಮುಗಿಯುವುದಿಲ್ಲ.

ವಿಜಯನಗರದ ಕಾಲದಲ್ಲಿ ಈ ಕಟ್ಟೆ ಕಟ್ಟಿ ನೀರನ್ನು ಕಾಲುವೆಗೆ ತಿರುಗಿಸಿದ ಮೇಲೆ ಬೇಸಿಗೆಯಲ್ಲಿ ಕೆಳಗಿನ ಪಾತ್ರ ಬರಿದಾಗಿ, ನದಿಯ ತಿರುವಿನಲ್ಲಿ ಬಯಲಾದ ಮರಳನ್ನು ಗಾಳಿ ವರ್ಷ ವರ್ಷವೂ ದಡಕ್ಕೆ ತಂದು ಸುರಿಯಿತು ಎಂಬುದು ಸಂಶೋಧಕರ ವಿವರಣೆ. ಗಂಗರು ರಾಜಧಾನಿ ಮಾಡಿಕೊಂಡಿದ್ದ, ವಿಷ್ಣುವರ್ಧನನು ಕೀರ್ತಿನಾರಾಯಣ ದೇವಾಲಯ ಕಟ್ಟಿಸಿದ ಊರು ಹೀಗೆ ಹೂತುಹೋಯಿತು. ಪಾತಾಳೇಶ್ವರನ ದರ್ಶನಕ್ಕೆ ಮೆಟ್ಟಿಲಿಳಿದು ಹೋಗುವಾಗ ಸುತ್ತಲಿನ ದಿಬ್ಬಗಳ ಎತ್ತರ ಗಮನಿಸಿ. ಒಂದು ಕಡೆ ಗದ್ದೆಗೆ ನೀರು ಕೊಟ್ಟ ಕಟ್ಟೆಯೇ ಇನ್ನೊಂದು ಕಡೆ ಊರನ್ನು ಬಿಡಿಸಿರಬಹುದು ಎಂಬುದು ನನ್ನನ್ನು ಬಹಳವಾಗಿ ಕಾಡಿತು.

ಆ ಕಾಲುವೆಯಲ್ಲಿ ಇಂದಿಗೂ ನೀರು ಹರಿಯುತ್ತದೆ, ಗದ್ದೆಗಳು ಹಸಿರಾಗಿವೆ. ಅಣೆಕಟ್ಟೆಯ ದಾರಿಯಲ್ಲಿ ಒಂದು ಪುಟ್ಟ ಹೋಟೆಲಿನಲ್ಲಿ ಉಂಡ ಮುದ್ದೆ, ಸೊಪ್ಪಿನ ಉಪ್ಪುಸಾರು ಮತ್ತು ಅನ್ನವನ್ನು ಹೊಗಳದೆ ಮುಂದೆ ಹೋಗಲಾರೆ. ಅಕ್ಕಿ ಈ ಕಾಲುವೆಯ ಕೆಳಗೆ ಬೆಳೆದದ್ದೆಂದು ಯಜಮಾನಿ ಹೇಳಿದರು. ಖಾರ ಅರೆದದ್ದು ಕಲ್ಲಿನಲ್ಲಿ, ಸಾರು ಕೇಳಿದಷ್ಟೂ ಬಡಿಸಿದರು, ಕೊಟ್ಟ ಹಣ ಪಟ್ಟಣದ ಒಂದು ದೋಸೆಗೂ ಸಾಲದಷ್ಟು.

ಕಾರ್ತಿಕ ಸೋಮವಾರಗಳಲ್ಲಿ ಹೋಗದಿರುವುದು ಒಳ್ಳೆಯದು. ತಿ. ನರಸೀಪುರದಿಂದ ನಾವು ಹತ್ತಿದ ಬಸ್ಸಿನಲ್ಲಿ ಕಾಲೂರಲು ಜಾಗವಿರಲಿಲ್ಲ, ಉಸಿರುಗಟ್ಟಿಸಿಕೊಂಡೇ ಬಂದೆವು. ನಡು ಮಧ್ಯಾಹ್ನ ಮರಳು ಕಾದು ಬರಿಗಾಲಿನಲ್ಲಿ ನಡೆಯುವುದು ಕಷ್ಟವಾದ್ದರಿಂದ ಬೆಳಿಗ್ಗೆಯೇ ದರ್ಶನ ಮುಗಿಸಿಕೊಳ್ಳಿ. ಇಲ್ಲಿಗೆ ಬರುವ ಹೊತ್ತಿಗೆ ಕಾವೇರಿಗೆ ಕಬಿನಿಯೂ ಸೇರಿರುತ್ತದೆ. ಹರಿವು ಈಗ ಮಳೆಯನ್ನಷ್ಟೇ ಅಲ್ಲ, ಕೃಷ್ಣರಾಜಸಾಗರ ಮತ್ತು ಕಬಿನಿ ಜಲಾಶಯಗಳ ತೂಬುಗಳನ್ನೂ ಅವಲಂಬಿಸಿದೆ. ಆದ್ದರಿಂದ ಮಳೆಗಾಲದಲ್ಲಿ ಸ್ನಾನಕ್ಕಿಳಿಯುವ ಮುನ್ನ ಮೇಲಿನಿಂದ ನೀರು ಬಿಟ್ಟಿದ್ದಾರೆಯೇ ಎಂದು ದಡದವರನ್ನು ವಿಚಾರಿಸಿ, ಅವರು ಬೇಡವೆಂದರೆ ಇಳಿಯಬೇಡಿ.