ಫ್ರೀ ಸಿಗೋ ಪುಸ್ತಕಕ್ಕೆ ದುಡ್ಡು ಯಾಕೆ?

ಚಿತ್ರದುರ್ಗದ ನಮ್ಮ ಮನೆಗೆ ಬಂದವರು ಕಪಾಟು ನೋಡಿ ಕೇಳೋದು ಇದೊಂದೇ. ಈ ಹಳೇ ಯುದ್ಧದ ಪುಸ್ತಕಗಳೆಲ್ಲ ಮೊಬೈಲ್‌ನಲ್ಲೇ ಫ್ರೀ ಸಿಗುತ್ತವಲ್ಲ, ಮತ್ತೆ ಒಂದೊಂದಕ್ಕೆ ತಿಂಗಳ ಸಂಬಳ ಯಾಕೆ ಸುರೀತೀರಿ ಅಂತ.

ನಕ್ಷೆಗೋಸ್ಕರ.

1799ರ ಶ್ರೀರಂಗಪಟ್ಟಣದ ಮುತ್ತಿಗೆ ಬಗ್ಗೆ ಅಲೆಕ್ಸಾಂಡರ್ ಬೀಟ್ಸನ್ ಬರೆದ ಪುಸ್ತಕ ಮರುವರ್ಷವೇ ಲಂಡನ್ನಿನಲ್ಲಿ ಅಚ್ಚಾಯಿತು. ಆತ ಇಂಗ್ಲಿಷರ ದಂಡಿನ ಸರ್ವೇಯರ್ ಜನರಲ್, ನೆಲ ಅಳೆಯೋದೇ ಅವನ ಕೆಲಸ. ಹಾಗಾಗಿ ಪುಸ್ತಕದಲ್ಲಿ ಮಡಚಿ ಹೊಲಿದ ದೊಡ್ಡ ನಕ್ಷೆಗಳಿವೆ. ಇಂಥ ಪುಸ್ತಕ ಸ್ಕ್ಯಾನ್ ಮಾಡುವವರು ಆ ಹಾಳೆ ಬಿಡಿಸುವ ಗೋಜಿಗೆ ಹೋಗೋದು ಕಡಿಮೆ, ಎಷ್ಟೋ ಸಲ ಪರದೆ ಮೇಲೆ ಬರೀ ಮಡಿಕೆಯ ಬೆನ್ನು ಕಾಣಿಸುತ್ತದೆ. ಒಬ್ಬ ಹಿರಿಯರ ಮನೆಯಲ್ಲಿ ಪೂರ್ತಿ ಪ್ರತಿ ನೋಡಿದೆ. ಅವರು ಊಟದ ಮೇಜು ಖಾಲಿ ಮಾಡಿಸಿ, ಕೈ ಒರೆಸಿಕೊಂಡು, ಒಂದೊಂದೇ ಮಡಿಕೆ ಬಿಡಿಸಿದರು. ದಪ್ಪ ಕಾಗದ, ಎರಡು ಶತಮಾನ ದಾಟಿದರೂ ಗರಿಗರಿ. ಎರಡು ಕವಲಾದ ಕಾವೇರಿ, ನಡುವೆ ಕೋಟೆ. ಇಂಗ್ಲಿಷರು ಗೋಡೆ ಒಡೆದು ಮೇ 4ರಂದು ಒಳಗೆ ನುಗ್ಗಿದ ವಾಯವ್ಯ ಮೂಲೆ ಮೇಲೆ ಬೆರಳಿಟ್ಟು ತೋರಿಸಿದರು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಆದರೆ ಎಲ್ಲದಕ್ಕೂ ದುಡ್ಡು ಸುರಿಯಬೇಕಿಲ್ಲ. ಮಾರ್ಕ್ ವಿಲ್ಕ್ಸ್ ಬರೆದ ಮೈಸೂರಿನ ಇತಿಹಾಸವನ್ನೇ ತಗೊಳ್ಳಿ. ಮೊದಲ ಸಂಪುಟ 1810ರಲ್ಲಿ ಬಂತು, ಉಳಿದೆರಡು 1817ರಲ್ಲಿ. ಮೂರೂ ಒಂದೇ ಸೆಟ್ ಆಗಿ ಸಿಗೋದು ಕಷ್ಟ, ಸಿಕ್ಕರೂ ನಮ್ಮಂಥವರ ಕೈಗೆ ಎಟುಕಲ್ಲ. 1930ರಲ್ಲಿ ಮೈಸೂರಿನಲ್ಲೇ ಎರಡು ಸಂಪುಟವಾಗಿ ಮತ್ತೆ ಅಚ್ಚಾಗಿದೆ, ಸಂಪಾದಕ ಮರ್ರೆ ಹ್ಯಾಮಿಕ್ ಅವರ ಟಿಪ್ಪಣಿ ಸಮೇತ. ಓದೋಕೆ ಅದೇ ಒಳ್ಳೇದು. 1779ರಲ್ಲಿ ಹೈದರ್ ನಮ್ಮ ಮದಕರಿ ನಾಯಕನಿಂದ ದುರ್ಗ ಕಿತ್ತುಕೊಂಡಿದ್ದನ್ನು ಓದುವಾಗ ಕಿಟಕಿಯಾಚೆ ಅದೇ ಬಂಡೆಗಳು ಕಾಣುತ್ತವೆ. ಒಂದು ಮಾತು, ಇಂಗ್ಲಿಷರ ಪುಸ್ತಕಗಳಲ್ಲಿ ನಮ್ಮೂರು ಚಿತಲ್‌ಡ್ರೂಗ್, ಚಿಟಲ್‌ಡ್ರೂಗ್ ಅಂತೆಲ್ಲ ಇರುತ್ತದೆ. ಚಿತ್ರದುರ್ಗ ಅಂತ ಹುಡುಕಿದರೆ ಸಿಗಲ್ಲ.

ಬೀಟ್ಸನ್ ಕೊನೆಗೂ ನನಗೆ ಸಿಕ್ಕಿತು, ಸೆಕೆಂಡ್ ಹ್ಯಾಂಡ್ ಅಂಗಡಿಯವರೊಬ್ಬರ ಹತ್ತಿರ, ಫೋನಿನಲ್ಲೇ ವ್ಯವಹಾರ. ಎಲ್ಲಾ ಪುಟ ಇದೆಯಾ ಅಂತ ಕೇಳಿದೆ, ಇದೆ ಅಂದರು. ನಕ್ಷೆ ಇದೆಯಾ ಅಂತ ಬಿಡಿಸಿ ಕೇಳಲಿಲ್ಲ. ಪಾರ್ಸೆಲ್ ಬಿಚ್ಚಿದರೆ ಹೊಲಿಗೆ ಹತ್ತಿರ ಬೆರಳಗಲದ ಒಂದು ಕಾಗದದ ಪಟ್ಟಿ, ಅಂಚು ನೇರ, ಬ್ಲೇಡಿನಲ್ಲಿ ಕೊಯ್ದದ್ದು. ನಕ್ಷೆಯನ್ನೇ ಕತ್ತರಿಸಿ ಫ್ರೇಮ್ ಹಾಕಿ ಮಾರುತ್ತಾರೆ, ಪುಸ್ತಕಕ್ಕಿಂತ ಬೇಗ ಖರ್ಚಾಗುತ್ತದೆ. ತುಂಬಾ ಸಂಕಟ ಆಯಿತು. ವಾಪಸ್ ಮಾತ್ರ ಕಳಿಸಲಿಲ್ಲ.

ಈಗ ಯಾರ ಮನೆಗೆ ಹೋದರೂ ನನ್ನ ಕಣ್ಣು ಗೋಡೆ ಮೇಲೆ. ನಿಮ್ಮಲ್ಲಿ ಶ್ರೀರಂಗಪಟ್ಟಣದ ಹಳೇ ನಕ್ಷೆ ಫ್ರೇಮ್‌ನಲ್ಲಿದ್ದರೆ, ಮಡಿಕೆ ಗುರುತು ಇದೆಯಾ, ಒಂದು ಅಂಚು ಕೊಯ್ದ ಹಾಗಿದೆಯಾ, ಸ್ವಲ್ಪ ನೋಡಿ ಹೇಳಿ.