ಬೈಕಿನ ಹಿಂಚಕ್ರದ ಆಕ್ಸೆಲ್ ಜಾಮ್ ಆದರೆ ಮೊದಲು ಚಾಕ್‌ಪೀಸ್, ಆಮೇಲೆ ಸುತ್ತಿಗೆ

ನಟ್ ಬಿಚ್ಚಿದ್ದಾಯಿತು, ವಾಷರ್ ಕೈಗೆ ಬಂತು, ಆಕ್ಸೆಲ್ ಮಾತ್ರ ಜಪ್ಪಯ್ಯ ಅಂದರೂ ಅಲುಗುತ್ತಿಲ್ಲ. ಇಂಥ ಹೊತ್ತಿನಲ್ಲಿ ಕೈ ತಾನಾಗಿ ಸುತ್ತಿಗೆಯ ಕಡೆ ಹೋಗುತ್ತದೆ. ಹತ್ತು ಏಟು ಬೀಳುವಷ್ಟರಲ್ಲಿ ಆಕ್ಸೆಲ್‌ನ ತುದಿ ಅಣಬೆಯ ಹಾಗೆ ಅರಳಿ, ಥ್ರೆಡ್ ಹಾಳಾಗಿರುತ್ತದೆ. ಆಮೇಲೆ ತುಕ್ಕು ಬಿಟ್ಟುಕೊಟ್ಟರೂ ಅರಳಿದ ತುದಿ ಬೇರಿಂಗ್ ತೂತಿನಲ್ಲಿ ತೂರುವುದಿಲ್ಲ. ಹೊಡೆಯುವುದೇ ತಪ್ಪು ಅಂತಲ್ಲ. ಎಲ್ಲಿ ಹಿಡಿದಿದೆ ಅಂತ ಗೊತ್ತಿಲ್ಲದೆ ಹೊಡೆಯುವುದು ತಪ್ಪು.

ಆಕ್ಸೆಲ್ ಅಂದರೆ ಒಂದು ಉದ್ದನೆಯ ಬೋಲ್ಟ್ ಅಷ್ಟೆ. ಹಿಂಚಕ್ರವನ್ನು ಎರಡೂ ಕಡೆ ಹಿಡಿದಿರುವ ಕವಲು, ಅಂದರೆ ಸ್ವಿಂಗ್ ಆರ್ಮ್‌ನ ಒಂದು ಕೈಯಿಂದ ಹೊರಟು ಚೈನ್ ಅಡ್ಜಸ್ಟರ್, ಕಾಲರ್ (ಬೇರಿಂಗಿನ ಪಕ್ಕ ಕೂರುವ ಬಳೆ), ಬೇರಿಂಗ್, ಚಕ್ರದ ನಡುವಿನ ಹಬ್ಬಿನೊಳಗಿನ ಸ್ಪೇಸರ್ ಕೊಳವೆ, ಇನ್ನೊಂದು ಬೇರಿಂಗ್, ಬ್ರೇಕ್ ಪ್ಲೇಟ್ ಎಲ್ಲವನ್ನೂ ಪೋಣಿಸಿಕೊಂಡು ಆ ಕಡೆಯ ಕೈಯಲ್ಲಿ ಹೊರಬರುತ್ತದೆ. ಬೇರಿಂಗಿನ ನಂಬರ್ 6301 ಆಗಿದ್ದರೆ ಅದರ ತೂತು 12 ಮಿಮೀ, 6202 ಆದರೆ 15, 6203 ಆದರೆ 17. ಆಕ್ಸೆಲ್ ಅದಕ್ಕೆ ಸರಿಯಾಗಿ ಕೂರುವ ದಪ್ಪದ್ದು, ನಡುವೆ ಕೂದಲೆಳೆಯಷ್ಟೂ ಸಂದಿಲ್ಲ. ಕಬ್ಬಿಣ ತುಕ್ಕಾದಾಗ ಮೊದಲಿಗಿಂತ ಹೆಚ್ಚು ಜಾಗ ಬೇಡುತ್ತದೆ. ಆ ಜಾಗ ಅಲ್ಲಿಲ್ಲ, ಹಾಗಾಗಿ ಕಚ್ಚಿಕೊಳ್ಳುತ್ತದೆ. ಕರಾವಳಿಯ ಉಪ್ಪುಗಾಳಿಯಲ್ಲಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ ಓಡುವ ಬೈಕಿಗೆ ಇದು ಮಾಮೂಲು. ವಾಟರ್ ಸರ್ವಿಸ್‌ನಲ್ಲಿ ಗನ್ನನ್ನು ನೇರ ಹಬ್ಬಿಗೇ ಹಿಡಿದರೆ ಘಟ್ಟದ ಮೇಲಿನ ಬೈಕಿಗೂ ಇದೇ ಗತಿ.

ಮೊದಲು ಸುತ್ತಲಿನ ಬಂಧನ ಬಿಡಿಸಿ. ಬ್ರೇಕ್ ರಾಡಿನ ನಟ್, ಬ್ರೇಕ್ ಪ್ಲೇಟ್ ತಿರುಗದಂತೆ ಹಿಡಿಯುವ ಟಾರ್ಕ್ ಆರ್ಮ್‌ನ ಬೋಲ್ಟ್, ಎರಡೂ ಕಡೆಯ ಅಡ್ಜಸ್ಟರ್ ಸಡಿಲವಾಗಿ, ಚಕ್ರ ಮುಂದೆ ಸರಿದು ಚೈನ್ ಜೋಲಬೇಕು. ಟೈರಿನ ಅಡಿಗೆ ಒಂದು ಮರದ ಪಟ್ಟಿ ತೂರಿಸಿ ಚಕ್ರದ ಭಾರ ಅದರ ಮೇಲೆ ಬೀಳುವ ಹಾಗೆ ಮಾಡಿ. ಭಾರ ಆಕ್ಸೆಲ್ ಮೇಲೆಯೇ ನೇತಾಡುತ್ತಿದ್ದರೆ ತುಕ್ಕೇ ಇಲ್ಲದ ಆಕ್ಸೆಲ್ ಕೂಡ ಹೊರಗೆ ಬರಲು ಹಟ ಮಾಡುತ್ತದೆ. ಸ್ಪ್ಲೆಂಡರ್ ಜಾತಿಯ ಬೈಕಿನಲ್ಲಿ ಚೈನ್ ಕಡೆ ಸ್ಲೀವ್ ಮತ್ತು ಅದರದೇ ದೊಡ್ಡ ನಟ್ ಬೇರೆ ಇರುತ್ತದೆ. ಆಕ್ಸೆಲ್ ಆ ಸ್ಲೀವಿನೊಳಗೆ ಹಾದುಹೋಗುತ್ತದೆ, ತುಕ್ಕು ಕೂರಲು ಅದೂ ಒಂದು ಜಾಗ.

ಈಗ ಚಾಕ್‌ಪೀಸ್. ಆಕ್ಸೆಲ್‌ನ ತಲೆಯ ಮೇಲೆ ಒಂದು ಗೆರೆ, ಸ್ವಿಂಗ್ ಆರ್ಮ್‌ಗೂ ಹಬ್ಬಿಗೂ ನಡುವೆ ಕಾಣುವ ಕಾಲರ್ ಮೇಲೆ ಇನ್ನೊಂದು ಗೆರೆ. ತಲೆಗೆ ರಿಂಗ್ ಸ್ಪ್ಯಾನರ್ ಹಾಕಿ ಕಾಲು ಸುತ್ತು ತಿರುಗಿಸಿ, ಯಾವ ಗೆರೆ ಓಡಿತು ಅಂತ ನೋಡಿ.

ತಲೆ ಅಲುಗಲೇ ಇಲ್ಲ ಅಂದರೆ, ತಿರುಗದ ಭಾಗವೊಂದರಲ್ಲಿ ಹಿಡಿದಿದೆ: ಸ್ವಿಂಗ್ ಆರ್ಮ್, ಅಡ್ಜಸ್ಟರ್, ಸ್ಲೀವ್ ಅಥವಾ ಬ್ರೇಕ್ ಪ್ಲೇಟಿನ ತೂತು. ಇದು ಒಳ್ಳೆಯ ಸುದ್ದಿ. ಸ್ಪ್ಯಾನರಿಗೆ ಎರಡಡಿ ಪೈಪ್ ಸಿಕ್ಕಿಸಿ ಬಿಗಿಯುವ ಕಡೆಗೆ ಸ್ವಲ್ಪ, ಬಿಚ್ಚುವ ಕಡೆಗೆ ಸ್ವಲ್ಪ ಅಂತ ಆಡಿಸುತ್ತ ಹೋದರೆ ತುಕ್ಕು ಪುಡಿಯಾಗುತ್ತದೆ. ಎಳೆತಕ್ಕೆ ಬಗ್ಗದ ತುಕ್ಕು ತಿರುಚುವಿಕೆಗೆ ಬಗ್ಗುತ್ತದೆ. ಟಕ್ ಅಂತ ಒಂದು ಸದ್ದು, ಹಿಂದೆಯೇ ಕಾಲರ್ ಸಂದಿನಿಂದ ಕೆಂಪು ಪುಡಿ ಕಲೆಸಿದ ಎಣ್ಣೆ ಒಸರಿದರೆ ಅರ್ಧ ಕೆಲಸ ಮುಗಿದಂತೆ. ತಲೆ ಸ್ವಿಂಗ್ ಆರ್ಮ್‌ನ ಗುಂಡಿಯಲ್ಲಿ ಸಿಕ್ಕಿಕೊಂಡು ತಿರುಗದ ವಿನ್ಯಾಸವಿದ್ದರೆ ಈ ದಾರಿ ಮುಚ್ಚಿದೆ. ಮೊದಲು ಐದಾರು ಮಿಮೀ ಹೊರಗೆ ತಳ್ಳಿ, ಇನ್ನೊಂದು ತುದಿಯಲ್ಲಿ ಎರಡು ನಟ್‌ಗಳನ್ನು ಒಂದಕ್ಕೊಂದು ಬಿಗಿದು ಅದರಿಂದ ತಿರುಗಿಸಬೇಕು.

ತಲೆ ಸಲೀಸಾಗಿ ತಿರುಗುತ್ತದೆ, ಕಾಲರ್ ಗೆರೆಯೂ ಜೊತೆಗೇ ಓಡುತ್ತದೆ, ಆಕ್ಸೆಲ್ ಬರುವುದಿಲ್ಲ. ಜನ ಮೋಸಹೋಗುವುದು ಇಲ್ಲಿಯೇ. ‘ತಿರುಗುತ್ತಿದೆಯಲ್ಲ, ಬಿಟ್ಟಿದೆ’ ಅಂದುಕೊಳ್ಳುತ್ತಾರೆ. ಆಕ್ಸೆಲ್ ಅಂಟಿಕೊಂಡಿರುವುದು ಬೇರಿಂಗಿನ ಒಳ ರೇಸಿಗೆ (ಒಳಗಿನ ಉಕ್ಕಿನ ಬಳೆಗೆ), ತಿರುಗುತ್ತಿರುವುದು ಬೇರಿಂಗು. ಕಾಲರನ್ನು ಇಕ್ಕಳದಲ್ಲಿ ಹಿಡಿದು ನೋಡಿ: ಕಾಲರ್ ನಿಂತು ಆಕ್ಸೆಲ್ ಮಾತ್ರ ತಿರುಗಿದರೆ ಕಾಲರ್ ಅಲ್ಲಿಯವರೆಗೆ ಸುಮ್ಮನೆ ಉಜ್ಜಿಕೊಂಡು ತಿರುಗುತ್ತಿತ್ತು ಅಂತ ಲೆಕ್ಕ. ಎಣ್ಣೆ ಹೋಗಬೇಕಾದದ್ದು ರೇಸಿನೊಳಕ್ಕೆ, ಅಂದರೆ ಕಾಲರ್ ಮತ್ತು ಆಕ್ಸೆಲ್ ನಡುವಿನ ಸಂದಿಗೆ.

ಮೂರನೆಯದು, ಆಕ್ಸೆಲ್ ತಿರುಗುತ್ತದೆ, ಕಾಲರ್ ನಿಲ್ಲುತ್ತದೆ, ಆದರೂ ಬರುವುದಿಲ್ಲ. ಥ್ರೆಡ್ಡಿನ ಬಳಿ ಜಜ್ಜಿದ ಅಂಚಿದ್ದರೆ ಅರದಿಂದ ಉಜ್ಜಿ. ಒಂದೊಂದು ಸುತ್ತಿಗೂ ಒಮ್ಮೆ ಬಿಗಿ, ಒಮ್ಮೆ ಸಡಿಲ ಆಗುತ್ತಿದ್ದರೆ ಆಕ್ಸೆಲ್ ಬಾಗಿದೆ, ತಿರುಗಿಸುತ್ತಲೇ ತಳ್ಳಬೇಕು.

ಎಣ್ಣೆಯ ವಿಷಯ. ಡೀಸೆಲ್‌ಗೆ ಸಮಪಾಲು ಪವರ್ ಸ್ಟೀರಿಂಗ್ ಆಯಿಲ್ ಬೆರೆಸಿದರೆ ಸಾಕಷ್ಟು ಚೆನ್ನಾಗಿ ಇಳಿಯುತ್ತದೆ, ಅಂಗಡಿಯ ತುಕ್ಕುಬಿಡಿಸುವ ಸ್ಪ್ರೇ ಆದರೂ ಸರಿ. ಮುಖ್ಯವಾದದ್ದು ಸಮಯ: ಸಂಜೆ ನಾಲ್ಕು ಹನಿ, ಮಲಗುವ ಮುಂಚೆ ನಾಲ್ಕು, ಬೆಳಿಗ್ಗೆ ನಾಲ್ಕು. ಡಬ್ಬಿ ಖಾಲಿ ಮಾಡಿದರೆ ಬೇಗ ಬಿಡುತ್ತದೆ ಅಂತೇನಿಲ್ಲ. ಡ್ರಮ್ ಬ್ರೇಕ್ ಇದ್ದರೆ ಬ್ರೇಕ್ ಪ್ಲೇಟ್ ಕಡೆಯಿಂದ ಸುರಿಯಲೇಬೇಡಿ, ನೇರ ಲೈನರ್ (ಬ್ರೇಕ್ ಶೂ ಮೇಲಿನ ಉಜ್ಜುವ ಪದರ) ಮೇಲೆ ಇಳಿಯುತ್ತದೆ. ಎಣ್ಣೆ ಕುಡಿದ ಲೈನರ್ ತೊಳೆದರೂ ಮೊದಲಿನ ಹಾಗಾಗುವುದಿಲ್ಲ, ಬದಲಾಯಿಸಬೇಕು. ಡಿಸ್ಕ್ ಇದ್ದರೆ ಪ್ಲಾಸ್ಟಿಕ್ ಕವರ್ ಸುತ್ತಿ.

ಅಡ್ಜಸ್ಟರ್ ಅಥವಾ ಸ್ವಿಂಗ್ ಆರ್ಮ್ ಅಲ್ಯೂಮಿನಿಯಂ ಆಗಿದ್ದು ಅಲ್ಲಿಯೇ ಹಿಡಿದಿದ್ದರೆ ಹೀಟ್ ಗನ್ ಕೆಲಸಕ್ಕೆ ಬರುತ್ತದೆ, ಉಕ್ಕಿಗಿಂತ ಅಲ್ಯೂಮಿನಿಯಂ ಹೆಚ್ಚುಕಡಿಮೆ ಎರಡರಷ್ಟು ಹಿಗ್ಗುತ್ತದೆ. ಬೇರಿಂಗ್ ರೇಸಿಗೆ ಈ ಲಾಭವಿಲ್ಲ, ಅದೂ ಉಕ್ಕು, ಆಕ್ಸೆಲ್ಲೂ ಉಕ್ಕು. ಗ್ಯಾಸ್ ಟಾರ್ಚ್ ಬೇಡ: ಪಕ್ಕದಲ್ಲಿ ಆಯಿಲ್ ಸೀಲ್, ಗ್ರೀಸ್, ಟೈರ್, ಮೇಲೆ ಪೆಟ್ರೋಲ್ ಟ್ಯಾಂಕ್, ಜೊತೆಗೆ ನೀವೇ ಹಾಕಿದ ಡೀಸೆಲ್.

ಸುತ್ತಿಗೆಯ ಸರದಿ ಬಂದರೆ, ನಟ್ಟನ್ನು ವಾಪಸ್ ಹಾಕಿ ಆಕ್ಸೆಲ್‌ನ ತುದಿಗೆ ಸಮವಾಗುವವರೆಗೆ ತಿರುಗಿಸಿ. ಥ್ರೆಡ್ಡಿಗೆ ಅದೇ ಕಾವಲು. ಅದರ ಮೇಲೆ ಹಿತ್ತಾಳೆಯ ತುಂಡು, ಅದರ ಮೇಲೆ ಒಂದು ಕಿಲೋ ಸುತ್ತಿಗೆಯ ಏಟು. ಹಗುರ ಸುತ್ತಿಗೆಯ ನೂರು ಏಟು ತುದಿಯನ್ನು ಅರಳಿಸುತ್ತದೆ, ಭಾರದ ಸುತ್ತಿಗೆಯ ಐದು ಏಟು ಆಕ್ಸೆಲನ್ನು ಸರಿಸುತ್ತದೆ. ಚಕ್ರ ಬೈಕಿನಲ್ಲೇ ಇರುವಾಗ ಹೊಡೆದರೆ ಪೆಟ್ಟು ಆಕ್ಸೆಲ್‌ನಿಂದ ಒಳ ರೇಸಿಗೆ, ಅಲ್ಲಿಂದ ಕಾಲರಿಗೆ, ಕೊನೆಗೆ ಆಚೆಯ ಸ್ವಿಂಗ್ ಆರ್ಮ್‌ಗೆ ಹೋಗುತ್ತದೆ, ಬೇರಿಂಗಿನ ಗುಂಡುಗಳಿಗೆ ಅಷ್ಟಾಗಿ ತಾಗುವುದಿಲ್ಲ. ಅದಕ್ಕೇ ಆಚೆಯ ಕೈಗೂ ಗೋಡೆಗೂ ನಡುವೆ ಗಟ್ಟಿ ಮರದ ಕಟ್ಟಿಗೆ ಕೊಡಬೇಕು. ಇಲ್ಲದಿದ್ದರೆ ಏಟಿನ ಅರ್ಧ ಬೈಕನ್ನು ಅಲುಗಾಡಿಸುವುದಕ್ಕೇ ಹೋಗುತ್ತದೆ, ಸ್ಟ್ಯಾಂಡಿನಿಂದ ಬೀಳಲೂಬಹುದು. ನಟ್ ಸ್ವಿಂಗ್ ಆರ್ಮ್‌ಗೆ ತಾಗಿದ ಕೂಡಲೇ ಅದನ್ನು ತೆಗೆದು, ಆಕ್ಸೆಲ್‌ಗಿಂತ 1 ಮಿಮೀ ಸಣಕಲಾದ ಸರಳಿನಿಂದ ಮುಂದುವರಿಸಿ. ಕಣ್ಣಿಗೆ ಕನ್ನಡಕ ಇರಲಿ.

ಎರಡು ದಿನ ಎಣ್ಣೆ ಕುಡಿಸಿ, ಹೊಡೆದು, ಆಮೇಲೂ ಬರದಿದ್ದರೆ ಕತ್ತರಿಸುವುದೇ ಲೇಸು. ಹಬ್ಬಿಗೂ ಸ್ವಿಂಗ್ ಆರ್ಮ್‌ಗೂ ನಡುವಿನ ಸಂದಿನಲ್ಲಿ ಎರಡೂ ಕಡೆ ಹ್ಯಾಕ್ಸಾ ಬ್ಲೇಡಿನಿಂದ ಕಾಲರ್ ಸಮೇತ ಕೊಯ್ದರೆ ಚಕ್ರ ಕೆಳಗೆ ಬರುತ್ತದೆ. ಗ್ರೈಂಡರ್ ವೇಗ ನಿಜ, ಕಿಡಿ ಮತ್ತು ಡೀಸೆಲ್ ಒಟ್ಟಿಗೆ ಬೇಡ. ಒಳಗುಳಿದ ತುಂಡನ್ನು ಲೇತ್ ಅಂಗಡಿಯಲ್ಲಿ ಪ್ರೆಸ್ ಹಾಕಿಸಿ ತೆಗೆಸಬಹುದು. ಹೊಸ ಆಕ್ಸೆಲ್, ಕಾಲರ್, ಎರಡು ಬೇರಿಂಗ್, ಸೀಲ್ ಎಲ್ಲ ಸೇರಿದರೂ ಬಾಗಿದ ಸ್ವಿಂಗ್ ಆರ್ಮ್‌ಗಿಂತ ಅಗ್ಗ.

ಇಡಿಯಾಗಿ ಹೊರಬಂದ ಆಕ್ಸೆಲನ್ನು 400 ನಂಬರಿನ ಎಮರಿ ಪೇಪರಿನಿಂದ ತಿಕ್ಕಿ, ಗಾಜಿನ ಮೇಲೆ ಉರುಳಿಸಿ. ಅಡಿಯಲ್ಲಿ 0.2 ಮಿಮೀ ಫೀಲರ್ ಗೇಜ್ (ಸಂದು ಅಳೆಯುವ ತೆಳು ತಗಡು) ತೂರಿದರೆ ಬದಲಾಯಿಸುವುದು ಒಳ್ಳೆಯದು. ಬೇರಿಂಗನ್ನು ಬೆರಳಲ್ಲಿ ತಿರುಗಿಸಿ, ಗರಗರ ಅಂದರೆ ಹೊಸದು ಹಾಕಿ. ಹಾಕುವಾಗ ಆಕ್ಸೆಲ್‌ನ ಉದ್ದಕ್ಕೂ ತೆಳುವಾಗಿ ಗ್ರೀಸ್ ಸವರಿ, ಥ್ರೆಡ್ಡನ್ನು ಮಾತ್ರ ಒರೆಸಿ ಒಣಗಿಸಿ. ಅಲ್ಲಿ ಗ್ರೀಸ್ ಇದ್ದರೆ ಟಾರ್ಕ್ ರೆಂಚ್ ಅದೇ ಅಂಕಿ ತೋರಿಸಿದರೂ ನಟ್ ಅದಕ್ಕಿಂತ ಹೆಚ್ಚು ಬಿಗಿಯುತ್ತದೆ. ಟಾರ್ಕ್ ಆರ್ಮ್ ಬೋಲ್ಟ್ ಬಿಗಿಯಾಗಿದೆಯೇ ಎಂದು ಎರಡು ಸಲ ನೋಡಿ, ನಟ್ ಕಳಚದಂತೆ ತಡೆಯುವ ಸ್ಪ್ಲಿಟ್ ಪಿನ್ ಹೊಸದೇ ಹಾಕಿ. ಮುಂದಿನ ಸಲ ಮಳೆಗಾಲ ಹಿಡಿಯುವ ಮೊದಲು, ಮೇ ತಿಂಗಳಲ್ಲೇ, ಒಮ್ಮೆ ಆಕ್ಸೆಲ್ ಎಳೆದು ಗ್ರೀಸ್ ಹಚ್ಚಿ ಹಾಕಿ.